ಮೂಡಲ ದಂಡೆಯ ಲೆಕ್ಕ

"ನಮ್ಮವರನ್ನ ಜೇಲಿಗಿ ಹಾಕಿದ ಬಾಯಾರು ನೀವ ಏನ್ರಿ?"

ನಾನು ಸೊಂಟದ ಮಟ್ಟದ ಕುಣಿಯೊಳಗೆ ನಿಂತಿದ್ದೆ. ಮೂಗಿಗೆ ಬಟ್ಟೆ, ಕೈಯಲ್ಲಿ ಸಲಿಕೆ, ಕಾಲ ಬುಡದಲ್ಲಿ ಸುಣ್ಣ ಹಾಕಿ ಮಲಗಿಸಿದ ಹನ್ನೊಂದು ಹೆಬ್ಬಾತು. ಮೇಲೆ ನಿಂತ ಹೆಂಗಸಿನ ಒಡೆದ ಹಿಮ್ಮಡಿ ಮೊದಲು ಕಂಡಿತು, ಆಮೇಲೆ ಮಾಸಿದ ಖಣದ ಕುಪ್ಪಸ, ಕಡೆಗೆ ಮುಖ.

"ಹೌದವ್ವಾ, ನಾನ" ಎಂದೆ. ಹನ್ನೊಂದು ಹೆಣಗಳ ನಡುವೆ ನಿಂತು ಸುಳ್ಳು ಹೇಳುವ ಉಮೇದು ಯಾರಿಗೆ ಬರುತ್ತದೆ?

"ನಾ ರಂಗವ್ವ. ನೀವು ಹಿಡಕೊಂಡ ಹೋದ್ರಲ್ಲ, ಅವರ ಮನಿಯಾಕಿ."

ಹದಿನೆಂಟು ದಿನಗಳಿಂದ ನಮ್ಮ ಹಿರೇಕವಳಿ ಪಕ್ಷಿಧಾಮದಲ್ಲಿ ಹೆಬ್ಬಾತುಗಳು ವಿಷ ತಿಂದು ಸಾಯುತ್ತಿದ್ದವು. ಬೇಟೆಗಾರರ ಕೂಡ ಶಾಮೀಲಾದವನೆಂದು ನಮ್ಮದೇ ಸ್ವಯಂಸೇವಕ ಬಂಡೆಪ್ಪನನ್ನು ಒಂಬತ್ತು ದಿನಗಳ ಹಿಂದೆ ಜೈಲಿಗೆ ಕಳಿಸಿದವಳು ನಾನೇ, ಉಪ ವಲಯ ಅರಣ್ಯಾಧಿಕಾರಿ ರೋಹಿಣಿ. ಅವನು ಒಳಗೆ ಹೋದ ಮೇಲೂ ಬಾತುಗಳು ಸಾಯುವುದು ನಿಂತಿರಲಿಲ್ಲ. ಮೊದಲು ತಿಂದ ವಿಷ ಈಗ ಏರುತ್ತಿದೆ ಎಂದು ಮೇಲಿನವರಿಗೆ ವರದಿ ಬರೆದಿದ್ದೆ. ಬರೆಯುವಾಗಲೇ ನನಗೆ ನಂಬಿಕೆ ಇರಲಿಲ್ಲ.

ನಮ್ಮ ವಾಚರ್ ಅಬ್ದುಲಸಾಬ ಕೈ ಕೊಟ್ಟು ನನ್ನನ್ನು ಕುಣಿಯಿಂದ ಎಳೆದುಕೊಂಡರು. ಮಲಪ್ರಭೆಯ ಹಿನ್ನೀರು ಎದುರಿಗೆ ಹೊಳೆಯುತ್ತಿತ್ತು. ದೀಪಾವಳಿ ಮುಗಿಯುತ್ತಲೇ ಹಿಮಾಲಯ ದಾಟಿ ಬರುವ ಈ ಪಟ್ಟೆತಲೆಯ ಹಕ್ಕಿಗಳು ಹೋಳಿ ಹುಣ್ಣಿಮೆಗೆ ಮುಂಚೆ ಹೊರಟುಹೋಗುತ್ತವೆ. ಅವು ಇರುವ ನಾಲ್ಕು ತಿಂಗಳು ಪಕ್ಷಿ ಬಳಗದ ಇಪ್ಪತ್ತಾರು ಮಂದಿ ಹೊಲಮನೆ ಕೆಲಸ ಬಿಟ್ಟು ನಸುಕಿಗೇ ದಂಡೆ ಕಾಯುತ್ತಾರೆ. ಕದ್ದು ಹಾಸಿದ ಬಲೆ ಕೀಳುತ್ತಾರೆ, ಕಾಳು ಚೆಲ್ಲುತ್ತಾರೆ, ದುರ್ಬೀನು ಹಿಡಿದು ತಲೆ ಎಣಿಸುತ್ತಾರೆ.

ಹೋದ ವರ್ಷ ಇದೇ ವಾರದ ಎಣಿಕೆ ನಾಲ್ಕು ಸಾವಿರದ ಮೇಲಿತ್ತು. ಇವತ್ತು ಬೆಳಿಗ್ಗೆ ಆರುನೂರ ಹನ್ನೆರಡು. ಇನ್ನೂರರ ಸಮೀಪ ಮಣ್ಣಿಗೆ ಹೋದವು, ಉಳಿದವು ಹೆದರಿ ಎತ್ತ ಹಾರಿದವೋ ಗೊತ್ತಿಲ್ಲ. ಇಪ್ಪತ್ತಾರು ಸ್ವಯಂಸೇವಕರಲ್ಲಿ ಈಗ ಒಂಬತ್ತು ಜನ ಬರುತ್ತಿದ್ದರು. ಉಳಿದವರಿಗೆ ಹೆಣ ಹೊತ್ತು ಸಾಕಾಗಿತ್ತು.

"ಆ ವಹಿ ಓದಿ ತೋರಸ್ರಿ" ಎಂದಳು ರಂಗವ್ವ. "ಅದರಾಗ ಏನ ಬರದೈತಿ ಅಂತ ಅವರನ್ನ ಒಯ್ದ್ರಿ, ನಾ ಕೇಳಬೇಕು. ನನಗ ಅಕ್ಷರಾ ಬರಂಗಿಲ್ಲ."

"ನಾಳೆ ಕೋರ್ಟಿನಾಗ ಓದ್ತಾರವ್ವಾ."

"ನಾಳಿ ಅವರಿಗೆ ಜಾಮೀನ ಕೊಡಬ್ಯಾಡ್ರಿ ಅಂತ ಹೇಳಾಕಿ ನೀವ ಅಂತ. ಹೇಳೂ ಮೊದಲ ನನ್ನ ಮುಂದ ಓದ್ರಿ."

ಅಬ್ದುಲಸಾಬ ನೆಲ ನೋಡಿದರು. ಮೈಯೆಲ್ಲ ಸುಣ್ಣ, ಬೆಳಗಿನಿಂದ ಹೊಟ್ಟೆಗೆ ನೀರು ಸಹ ಇಲ್ಲ, ಸಿಟ್ಟು ನೆತ್ತಿಗೇರಿತ್ತು. ಚೀಲದಿಂದ ಆ ವಹಿಯ, ಬಂಡೆಪ್ಪ ಸತ್ತ ಹಕ್ಕಿಗಳನ್ನು ಬರೆಸಿಟ್ಟಿದ್ದ ನೋಟ್‌ಬುಕ್ಕಿನ, ಜೆರಾಕ್ಸ್ ತೆಗೆದೆ. ಓದಿ ಮುಗಿಸಿ ಈಕೆಯನ್ನು ಕಳಿಸಿದರಾಯಿತು ಎಂದುಕೊಂಡೆ.

"ಕೇಳು. ಸೋಮವಾರ. ಮೂಡಲ ದಂಡಿ, ಲಾಭ. ನಡುಗಡ್ಡಿ, ಏಳು. ಹಳೇ ಗುಡಿ ದಂಡಿ, ಲಾಭ." ಕಾಗದ ಮಡಿಚಿದೆ. "ಸತ್ತ ಹಕ್ಕಿ ಮುಂದ ಲಾಭ ಅಂತ ಬರಸ್ಯಾನ ನಿನ್ನ ಗಂಡ. ಯಾರಿಂದ ಬಂದ ಲಾಭ? ಎದರ ಲಾಭ?"

ರಂಗವ್ವ ನನ್ನ ಮುಖವನ್ನೇ ನೋಡಿದಳು. ನಾನು ಏನೋ ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ.

"ಆವತ್ತ ಒಂಬತ್ತ ಸತ್ತಿದ್ದುವು" ಎಂದಳು.

"ಏಳು ಅಂತ ಐತಿ ಇಲ್ಲಿ."

"ಒಂಬತ್ರಿ ಬಾಯಾರ. ಅವರು ಮನಿಗಿ ಬಂದು ಉಣ್ಣಲಾರದ ಕುಂತಿದ್ರು, ನನಗ ನೆನಪೈತಿ. ನಡಗಡ್ಡ್ಯಾಗ ಏಳು. ಮೂಡಲ ದಂಡ್ಯಾಗ ಲಾಭ, ಗುಡಿ ಕಡೆ ಲಾಭ. ಒಂಬತ್ತ ಆದುವಿಲ್ಲೋ?"

ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದೆ.

ಇಲಾಖೆಯ ಹೂಳುವ ರಿಜಿಸ್ಟರಿನಲ್ಲಿ ಆ ಸೋಮವಾರ ಒಂಬತ್ತು ಹಕ್ಕಿ ಎಂದೇ ಇತ್ತು. ವಹಿಯಲ್ಲಿ ಏಳು, ನಮ್ಮಲ್ಲಿ ಒಂಬತ್ತು. ಆ ಎರಡರ ವ್ಯತ್ಯಾಸವನ್ನೂ ಬಂಡೆಪ್ಪನ ಮೇಲೆಯೇ ಹೊರಿಸಿ, ಮುಚ್ಚಿಟ್ಟಿದ್ದಾನೆ ಎಂದು ಬರೆದಿದ್ದೆ.

"ಲಾಭ ಅಂದ್ರ..."

"ಒಂದ್ರಿ. ಲಾಭ ಅಂದ್ರ ಒಂದು. ರಾಶಿ ಅಳಿಯೂ ಮುಂದ ಯಾರರ ಒಂದು ಅಂತಾರೇನ್ರಿ? ಇವರು ಕುರಿ ಎಣಸಾಕೂ ಲಾಭ ಅಂತಾರ, ಚೀಲ ಎಣಸಾಕೂ ಲಾಭ ಅಂತಾರ. ಒಂದು ಅಂದ್ರ ಒಂಟಿ ಅಕ್ಕಾವ ಅಂತ ಅವರ ಬಾಯಾಗ ಆ ಮಾತ ಬರೂದಿಲ್ಲ. ಇವರು ಹೇಳೂದು, ಮಗಳು ಮಾದೇವಿ ಬರಿಯೂದು. ಹೇಳಿದ್ದ ಹೇಳಿದಂಗ ಬರದಾಳ ಹುಚ್ಚಿ."

ಅಯ್ಯೋ ನನ್ನ ಕರ್ಮವೇ! ಹಿಡಿದ ದಿನ ಬಂಡೆಪ್ಪನ ಮುಂದೆ ವಹಿ ಚಾಚಿ, ಇದೇನು ಲಾಭ ಎಂದು ಗದರಿದ್ದೆ. ಅರವತ್ತೆರಡರ ಆ ಮನುಷ್ಯ ಕೈ ಮುಗಿದುಕೊಂಡು, "ಅದು ಲೆಕ್ಕ ರೀ ಬಾಯಾರ" ಎಂದಿದ್ದ. ನಾನು ಬರೆದದ್ದು ಹೀಗೆ: ಆರೋಪಿಯು ಸದರಿ ಬರಹವು ಲಾಭದ ಲೆಕ್ಕವೆಂದು ಒಪ್ಪಿಕೊಂಡಿರುತ್ತಾನೆ. ಕೆಳಗೆ ಅವನ ಹೆಬ್ಬೆಟ್ಟು. ಅದರ ಕೆಳಗೆ ನನ್ನ ಸಹಿ.

"ನಿಮಗ ಗೊತ್ತಿರಲಿಲ್ಲೇನ್ರಿ?" ಅಬ್ದುಲಸಾಬರ ಮೇಲೆ ಹರಿಹಾಯ್ದೆ.

"ನಾವು ಇಳಕಲ್ಲ ನೇಕಾರ ಮಂದಿ ರೀ ಮೇಡಮ್. ನಮಗ ಮೊಳ ಗೊತ್ತು, ಎಳಿ ಗೊತ್ತು. ರಾಶಿ ಸುದ್ದಿ ನಮಗೇನ ಗೊತ್ತ್ರಿ?"

ಅವರನ್ನು ಬೈದು ಏನು ಬಂತು? ಒಂದು ಮಾತಿಗೆ ಸಾಕ್ಷಿ ಬೇಕಿತ್ತು. ಇಳಕಲ್ಲಿಗೆ ಅಪ್ಪನಿಗೆ ಫೋನು ಹಚ್ಚಿದೆ. ಅಪ್ಪ ದೇವಪ್ಪ ಮುನಸಿಪಾಲ್ಟಿಯಲ್ಲಿ ಪಂಪು ನಡೆಸಿ ನಿವೃತ್ತನಾದವನು.

"ಅಪ್ಪಾ, ಲಾಭ ಅಂದ್ರೇನು?"

"ಯಾಕವ್ವಾ, ನೌಕರಿ ಬಿಟ್ಟು ಅಂಗಡಿ ಹಾಕಾಕಿ ಏನ?"

"ಚೇಷ್ಟಿ ಬ್ಯಾಡ. ಕಣದಾಗ ಲಾಭ ಅಂದ್ರೇನು?"

"ಕಣದಾಗ ಅಂದ್ರ ಒಂದು. ಮೊದಲ ಸೇರಿಗೆ ಲಾಭ ಅಂತಾರ, ಆಮ್ಯಾಲ ಎರಡು, ಮೂರು."

"ನನಗ ಯಾಕ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಲಿ? ನಮ್ಮದು ಅಂತ ರಾಶಿ ಯಾವಾಗ ಅಳದೀವಿ? ನಿಮ್ಮಾಯಿ ಮಂದಿ ಕಣದಾಗ ದಿನಾಪೂರ್ತಿ ತೂರಿದ್ರ, ಕಡೀಕ ಆಕಿ ಉಡಿಯಾಗ ಒಂದೀಟು ಹಾಕಿ ಕಳಸ್ತಿದ್ರು. ಆ ಕಾಳನ್ನ ಯಾರೂ ಎಣಿಸ್ತಿರ್ಲಿಲ್ಲ."

ಫೋನು ಇಟ್ಟೆ. ನನ್ನ ಅಜ್ಜಿ ಇಂದ್ರವ್ವನಿಗೆ ಕೇಳಿಸಿದ ಮಾತು ನನ್ನ ತನಕ ಬಂದಿರಲಿಲ್ಲ. ನನಗೆ ಜೋಳ ಎಂದರೆ ಅಂಗಡಿಯ ಕಿಲೋ. ನನಗೆ ಗೊತ್ತಿಲ್ಲದ್ದಕ್ಕೆ ಒಂದು ಕಾರಣವಾದರೂ ಇತ್ತು.

ಆದರೆ ವಹಿಯನ್ನು ನನ್ನ ಕೈಗೆ ತಂದು ಕೊಟ್ಟವನಿಗೆ?

ಅವನು ಪಕ್ಷಿ ಬಳಗದ ಸಂಚಾಲಕ ಚೇತನಕುಮಾರ. ಕೃಷಿ ಪದವಿ ಓದಿದವನು, ಊರಿನ ದೊಡ್ಡ ಒಕ್ಕಲುಮನೆಯವನು. ಅವರ ಕಣದಲ್ಲಿ ವರ್ಷಾ ನೂರು ಚೀಲ ಜೋಳ ಅಳೆಯುತ್ತಾರೆ ಎಂದು ಅವನೇ ಹೆಮ್ಮೆಯಿಂದ ಹೇಳಿದ್ದ. ಆ ದಿನ ವಹಿಯ ಮೇಲೆ ಬೆರಳಿಟ್ಟು, "ಮೇಡಮ್, ಇಲ್ಲಿ ಲಾಭ ಅಂತ ಬರದಾರ ನೋಡ್ರಿ. ನನಗ ಹೇಳಾಕ ಭಾಳ ಸಂಕಟ ಆಗ್ತೈತಿ" ಎಂದವನೂ ಅವನೇ.

"ಮಹಾದೇವಿ ಎಲ್ಲಿದಾಳವ್ವಾ?" ಎಂದು ರಂಗವ್ವನನ್ನು ಕೇಳಿದೆ.

"ಇಲ್ಲೇ ಎಲ್ಲೆರ ದಂಡಿ ಮ್ಯಾಲ ಇರ್ತಾಳ್ರಿ. ಅಪ್ಪನ ಕೆಲಸ ನಿಲ್ಲಬಾರದು ಅಂತ ದಿನಾ ಮುಂಜಾನಿ ಕಾಳ ಚೆಲ್ಲಾಕ ಆಕೀನ ಬರ್ತಾಳ. ನಿಮ್ಮ ಆಫೀಸಿಗೂ ಎರಡ ಸರತಿ ಬಂದಿದ್ಲಂತ, ನೀವು ಒಳಗ ಕರೀಲಿಲ್ಲಂತ."

ಹೌದು. ಆರೋಪಿಯ ಮಗಳು ಎಂದು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಸಂಜೆ ಆಗುತ್ತಲೇ ಕಳಿಸಿದ್ದೆ. ಅವಳು ಹೇಳಲು ಬಂದದ್ದು ಈ ಒಂದೇ ಮಾತು ಇರಬೇಕು.

ಕಾಳು ಎಂಬ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ವಿಷದ ಜೊತೆ ಜೋಳ ಇದೆ ಎಂದು ಪ್ರಯೋಗಾಲಯದವರು ಬರೆದಿದ್ದರು. ಬೇಟೆಗಾರರು ತಂದ ಜೋಳ ಎಂದು ನಾನು ತಿಳಿದಿದ್ದೆ. ಬೇಟೆಗಾರರ ಕಥೆ ನಿಂತದ್ದೇ ಆ ಲಾಭದ ಮೇಲೆ; ಅದು ಹೋದರೆ ಬೇಟೆಗಾರರೂ ಹೋದರು. ಹಿನ್ನೀರು ಇಳಿದ ದಂಡೆಯ ಮೇಲೆ ಸುತ್ತ ಎತ್ತ ನೋಡಿದರೂ ಕಡಲೆ. ಜೋಳ ಇದ್ದದ್ದು ಒಂದೇ ಕಡೆ, ನಮ್ಮ ಬಳಗದ ಶೆಡ್ಡಿನಲ್ಲಿ.

ಬಾತುಗಳು ರೈತರ ಕಡಲೆ ಮೇಯದಂತೆ ದಿನಾ ನಸುಕಿಗೆ ಖಾಲಿ ದಂಡೆಯಲ್ಲಿ ಜೋಳ ಚೆಲ್ಲಬೇಕು ಎಂಬುದು ಚೇತನಕುಮಾರನ ಯೋಜನೆ. ಅದನ್ನು ಮೆಚ್ಚಿ ಬಾಗಲಕೋಟೆಯ ಮೇಲಿನವರಿಗೆ ಎರಡು ಪುಟ ಬರೆದವಳು ನಾನು. ಆ ಕಾಳನ್ನು ಒಮ್ಮೆಯೂ ಪರೀಕ್ಷೆಗೆ ಕಳಿಸಿರಲಿಲ್ಲ. ನಮ್ಮ ಮನೆಯ ಅನ್ನವನ್ನು ಯಾರಾದರೂ ಪರೀಕ್ಷೆಗೆ ಕಳಿಸುತ್ತಾರೆಯೇ?

ರಂಗವ್ವನನ್ನು ಜೀಪಿನಲ್ಲಿ ಕೂರಿಸಿ, ಅಬ್ದುಲಸಾಬರ ಜೊತೆ ಶೆಡ್ಡಿಗೆ ನಡೆದೆ.

ಬಾಗಿಲು ತೆರೆದೇ ಇತ್ತು. ಒಳಗೆ ಕುಕ್ಕೆಗಳಡಿ ಆರೈಕೆಯಲ್ಲಿದ್ದ ನಾಲ್ಕು ಬಾತು ಕತ್ತು ಚೆಲ್ಲಿ ಕೂತಿದ್ದವು. ಚೇತನಕುಮಾರ ಬೆನ್ನು ತಿರುಗಿಸಿ, ತಾಡಪಾಲಿನ ಮೇಲೆ ಸುರಿದ ಜೋಳವನ್ನು ಸೇರಿನಿಂದ ಅಳೆದು ಚೀಲಕ್ಕೆ ಹಾಕುತ್ತಿದ್ದ.

"ಲಾಭ... ಎರಡ... ಮೂರ... ನಾಕ..."

ಅಬ್ದುಲಸಾಬ ನನ್ನನ್ನು ನೋಡಿದರು. ನಾನು ಕಣ್ಣಿನಿಂದಲೇ ಸುಮ್ಮನಿರಿ ಎಂದೆ. ಹನ್ನೆರಡಕ್ಕೆ ಎಣಿಕೆ ನಿಂತಿತು.

"ಓಹೋ, ಮೇಡಮ್! ಯಾವಾಗ ಬಂದ್ರಿ? ಚಾ ತರಸ್ಲೇನ್ರಿ?"

"ಚಾ ಬ್ಯಾಡ. ಇನ್ನೊಂದು ಚೀಲ ಅಳೀರಿ. ನಾ ನೋಡ್ಬೇಕು."

"ಇದರಾಗ ಏನ ನೋಡೂದೈತ್ರಿ!" ನಕ್ಕ. ಸೇರು ತುಂಬಿ, ಮೇಲಿನದನ್ನು ಅಂಗೈಯಿಂದ ಸವರಿ, ಚೀಲದ ಬಾಯಿಗೆ ಹಿಡಿದ. ತುಟಿ ತೆರೆಯಿತು. ತೆರೆದ ತುಟಿ ಹಾಗೆಯೇ ನಿಂತಿತು.

ಕಾಳು ಸುರಿದು ಮುಗಿಯಿತು.

"ಒಂದು" ಎಂದ ಚೇತನಕುಮಾರ.

ನನಗೆ ಅಷ್ಟು ಸಾಕಾಗಿತ್ತು.

"ಎರಡು ನಿಮಿಷದ ಹಿಂದ ಲಾಭ ಅಂದ್ರಿ. ನನ್ನ ಕಂಡ ಕೂಡ್ಲೆ ಒಂದು ಆತು. ಯಾಕ್ರಿ?"

"ರೂಢಿ ಮಾತು ರೀ. ಬಂದ್ರ ಬಂತು, ಇಲ್ಲಂದ್ರ ಇಲ್ಲ."

"ವಹಿ ತಂದು ಕೊಟ್ಟ ದಿನ ಆ ರೂಢಿ ಎಲ್ಲಿ ಹೋಗಿತ್ತು?"

ಸೇರನ್ನು ಮೆಲ್ಲಗೆ ಜೋಳದ ಮೇಲೆ ಬೋರಲಿಟ್ಟ. ನಾನು ಹನ್ನೊಂದು ವರ್ಷದ ನೌಕರಿಯಲ್ಲಿ ಗಂಧ ಕದ್ದವರನ್ನು, ಮೊಲ ಹೊಡೆದವರನ್ನು ಕಂಡಿದ್ದೇನೆ. ಸಿಕ್ಕಿಬಿದ್ದಾಗ ಒಂದು ಕ್ಷಣವಾದರೂ ಅವರ ಮುಖ ಬಿಳಿಚುತ್ತದೆ. ಇವನದು ಹಾಗಾಗಲಿಲ್ಲ.

"ನಾ ಏನ ಹೇಳೀನಿ ನೆನಪ ಮಾಡ್ಕೊಳ್ರಿ, ಮೇಡಮ್. ಇಲ್ಲಿ ಲಾಭ ಅಂತ ಬರದಾರ ನೋಡ್ರಿ ಅಂದೆ. ಇತ್ತಿಲ್ರಿ ಅಲ್ಲಿ? ಅರ್ಥಾ ನೀವ ಬರಕೊಂಡ್ರಿ. ಕಾಗದದ ಮ್ಯಾಲ ನಿಮ್ಮ ಸಹಿ ಐತಿ, ನಂದಿಲ್ಲ."

ಅವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ನನ್ನ ತಪ್ಪು ನಾ ನಾಳೆ ಜಡ್ಜರ ಮುಂದ ಒಪ್ಕೋತೇನಿ" ಎಂದೆ. "ಬಂಡೆಪ್ಪ ಹೊರಗ ಬರ್ತಾನ. ಆಮ್ಯಾಲ ಈ ಜೋಳಕ್ಕ ಯಾರು ಏನ ಕಲಸ್ಯಾರ ಅಂತ ಕೇಳ್ತೇನಿ. ಇಲಾಖೆ ಪ್ರಸ್ತಾವದಂಗ ಮೂಡಲ ದಂಡೆ ಪಕ್ಷಿಧಾಮಕ್ಕ ಸೇರಿದ್ರ ಯಾರ ಕಡಲೆ ಹೊಲ ಹೋಗ್ತೈತಿ ಅಂತನೂ ಕೇಳ್ತೇನಿ. ಆ ಕಡತದಾಗ ನಿಮ್ಮ ಮನೆತನದ ತಕರಾರು ಅರ್ಜಿ ಐತಿ, ನಾ ಓದೀನಿ."

ಮೊದಲ ಸಲ ಅವನ ದವಡೆ ಬಿಗಿಯಿತು.

"ಓದೀರಲ್ಲ, ಛಲೋ ಆತು. ನಮ್ಮೂರನ್ನ ನೀರು ತಗೊಂತು, ಮೇಡಮ್. ಮನಿ, ಕಣ, ಗುಡಿ, ಎಲ್ಲಾ. ಮಳಿಗಾಲ ಮುಗದ ಮ್ಯಾಲ ನೀರ ಇಳದು ಒಂದೀಟು ದಂಡಿ ಬಿಟ್ಟ ಕೊಡತೈತಿ. ಅದನ್ನೂ ಹಕ್ಕಿ ಹೆಸರಿಗೆ ಬರದ್ರ ನಾವು ಎಲ್ಲಿ ಬಿತ್ತೂನ್ರಿ? ಹಕ್ಕೀನ ಇರಲಿಲ್ಲಂದ್ರ ಯಾವ ಸರ್ಕಾರ ದಂಡಿ ಕೇಳ್ತೈತಿ?"

"ಹಂಗಂತ ವಿಷ ಹಾಕಿದ್ರಿ."

"ನಾ ಹಂಗ ಅಂದಿಲ್ಲ." ಗೂಡಿನಿಂದ ಉದ್ದನೆಯ ಪುಸ್ತಕವೊಂದನ್ನು ತೆಗೆದು ನನ್ನ ಕೈಗಿಟ್ಟ. "ಕಾಳಿನ ಪುಸ್ತಕ ರೀ. ಯಾವ ದಿನ ಯಾರು ಚೀಲ ಒಯ್ದರು, ಯಾರು ಚೆಲ್ಲಿದರು, ಎಲ್ಲಾ ಐತಿ. ನೋಡ್ರಿ."

ಹಾಳೆ ತಿರುವಿದೆ. ಬಾತುಗಳು ಸಾಯಲು ಶುರುವಾದ ದಿನದಿಂದ ಇವತ್ತಿನ ತನಕ ಒಂದೇ ಸಹಿ. ದುಂಡಗಿನ, ಸಾಲಿ ಹುಡುಗಿಯ ಅಕ್ಷರ. ಬಂಡೆಪ್ಪನಿಗೆ ಬರೆಯಲು ಬಾರದು. ಅಪ್ಪ ಚೀಲ ಹೊರುವ ದಿನವೂ ಮಗಳೇ ಸಹಿ ಹಾಕಿದ್ದಳು. ಅಪ್ಪ ಜೈಲಿಗೆ ಹೋದ ಮೇಲೆ ಹೊತ್ತವಳೂ ಅವಳೇ, ಸಹಿಯೂ ಅವಳದೇ.

ಮಹಾದೇವಿ ಬಂ. ಕುರಿ.

ಮಹಾದೇವಿ ಬಂ. ಕುರಿ.

ಮಹಾದೇವಿ ಬಂ. ಕುರಿ.

"ಅಪ್ಪನ್ನ ಬಿಡಸ್ರಿ, ಬ್ಯಾಡನ್ನಂಗಿಲ್ಲ" ಎಂದ ಚೇತನಕುಮಾರ. "ಬಿಡಿಸಿದ ಮ್ಯಾಲ ವಿಷ ಕಾಳಿನಾಗಿತ್ತು ಅಂತ ನೀವ ಹೇಳ್ಬೇಕಲ್ಲ. ಹೇಳ್ರಿ. ಆಮ್ಯಾಲ ಯಾರನ್ನ ಹಿಡೀತೀರಿ?"

ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಿದ್ದರೆ ನನ್ನ ಕೈ ತಣ್ಣಗಾಗುತ್ತಿತ್ತು, ಅಷ್ಟೇ. ತಾಡಪಾಲಿನ ಜೋಳವನ್ನು ಒಂದು ಹಿಡಿ ಪೊಟ್ಟಣ ಕಟ್ಟಿ ಮೊಹರು ಮಾಡಿಸಿದೆ. ಅದರಲ್ಲಿ ಏನೂ ಸಿಗುವುದಿಲ್ಲ ಎಂದು ಅವನು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಶೆಡ್ಡಿಗೆ ಬೀಗ ಹಾಕಿಸಿ, ಅಬ್ದುಲಸಾಬರ ಕೈಗೆ ಕಾಳಿನ ಪುಸ್ತಕ ಕೊಟ್ಟೆ. "ಸೀದಾ ಆಫೀಸಿಗೆ ಹೋಗ್ರಿ. ನಾ ಬರೂ ತನಕ ಅಲ್ಲೇ ಇರ್ರಿ. ನಾಳಿ ಕೋರ್ಟಿನ ಸಂಬಂಧ ಬಾಗಲಕೋಟಿಯಿಂದ ಕಾಗದ ಬರ್ತಾವ, ಬಂದ ಕಾಗದ ತಗೊಂಡು ಆಫೀಸಿನ ಸಿಕ್ಕಾ ಹೊಡೀರಿ."

"ಆತ್ರಿ ಮೇಡಮ್."

ಜೈಲಿನ ದಾರಿಯುದ್ದಕ್ಕೂ ರಂಗವ್ವ ಜೀಪಿನ ಸರಳು ಹಿಡಿದು ಕೂತಿದ್ದಳು. ಮುಂದೆ ಗ್ರಾನೈಟ್ ಹೊತ್ತ ಲಾರಿಗಳು ಧೂಳೆಬ್ಬಿಸುತ್ತಿದ್ದವು.

"ನಿಮಗೂ ಗೊತ್ತಿರಲಿಲ್ಲ, ಏನ ಮಾಡ್ತೀರಿ" ಎಂದಳು ಒಮ್ಮೆ. "ತಿಳದ ಮ್ಯಾಲ ಬಂದ್ರೆಲ್ಲ, ಅಷ್ಟ ಸಾಕು. ನಾಳಿ ಮನಿಗಿ ಬರ್ತಾರಂದ್ರ ಮಾದೇವಿ ಹುಚ್ಚಿ ಹಂಗ ಕುಣೀತಾಳ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಜೈಲಿನವರು ಒಬ್ಬರನ್ನೇ ಒಳಗೆ ಬಿಡುತ್ತೇವೆ ಎಂದರು. ರಂಗವ್ವ, "ನೀವ ಹೋಗ್ರಿ, ಬಿಡೂ ಸುದ್ದಿ ನಿಮ್ಮ ಬಾಯಿಲೆ ಕೇಳ್ಲಿ" ಎಂದು ಹೊರಗಿನ ಬೇವಿನ ಮರದಡಿ ಕೂತಳು.

ಜಾಲರಿಯ ಆಚೆ ಬಂಡೆಪ್ಪ ಬಂದು ನಿಂತ. ಒಂಬತ್ತು ದಿನಕ್ಕೆ ಅರ್ಧ ಆಗಿದ್ದ. ಮೂರು ದಿನಗಳಿಂದ ಊಟ ಮುಟ್ಟಿಲ್ಲ ಎಂದು ಕಾವಲಿನವನು ಹೇಳಿದ. ನನ್ನನ್ನು ಕಂಡು ಹಿಡಿದ ದಿನದಂತೆಯೇ ಕೈ ಮುಗಿದ. ಆ ಮುಗಿದ ಕೈಯನ್ನು ನನ್ನಿಂದ ನೋಡಲಾಗಲಿಲ್ಲ.

"ಬಂಡೆಪ್ಪಾ, ಲಾಭ ಅಂದ್ರ ಒಂದು ಅಂತ ಇವತ್ತ ತಿಳೀತು. ನಂದ ತಪ್ಪು. ನಾಳೆ ಜಡ್ಜರ ಮುಂದ ಹೇಳ್ತೇನಿ, ನಿನ್ನ ಬಿಡ್ತಾರ."

ಅವನ ಮುಖ ಅರಳುತ್ತದೆ ಎಂದು ಕಾದೆ. ಅರಳಲಿಲ್ಲ.

"ಹಂಗಾರ ಯಾರ ಹಾಕ್ಯಾರ ಅಂತೀರಿ, ಬಾಯಾರ?"

"ಹುಡುಕ್ತೇವಿ."

"ನಾ ಒಂಬತ್ತ ದಿನಾ ಇಲ್ಲಿ ಕುಂತು ಅದನ್ನ ವಿಚಾರ ಮಾಡೀನ್ರಿ." ದನಿ ಕೆಳಗಿತ್ತು. "ಬಾತು ಕಡ್ಲಿ ಹೊಲದಾಗ ಸಾಯ್ಲಿಲ್ಲ. ಬಲಿ ಇದ್ದ ಕಡೆ ಸಾಯ್ಲಿಲ್ಲ. ನಾ ಕಾಳ ಚೆಲ್ಲಿದ ಕಡೆ ಸತ್ತುವು. ನನ್ನ ಕೈಲೆ ಕರದು, ಬಾ ಬಾ ಅಂತ ಕರದು ಹಾಕೀನ್ರಿ. ಅವು ನನ್ನ ದನಿ ಗುರ್ತ ಹಿಡೀತಿದ್ದುವು."

ಅವನಿಗೆ ಹೇಳಬಾರದು ಎಂದುಕೊಂಡು ಬಂದದ್ದನ್ನು ಅವನೇ ಹೇಳುತ್ತಿದ್ದ.

"ನಿನಗ ಗೊತ್ತಿರಲಿಲ್ಲಲ್ಲ, ಬಂಡೆಪ್ಪಾ."

"ನನ್ನ ಮಾತ ಬಿಡ್ರಿ. ಚೀಲ ಒಯ್ಯೂ ಮುಂದ ಪುಸ್ತಕದಾಗ ಸಹಿ ಹಾಕಾಕಿ ಯಾರು?"

ನಾನು ಚೀಲದ ಪಟ್ಟಿ ಸರಿಮಾಡಿಕೊಂಡೆ. ಅದೇ ಉತ್ತರವಾಯಿತು.

"ನೋಡೀರಿ ಅಂದಂಗಾತು." ಜಾಲರಿಗೆ ಹಣೆ ಆನಿಸಿದ. "ಆಕೀಗ ಇಪ್ಪತ್ತ ವರ್ಷ ರೀ. ಬೀರಪ್ಪನಾಣಿ, ಆಕೀಗ ಏನೂ ಗೊತ್ತಿಲ್ಲ. ಚೇತನಣ್ಣ ಇದನ್ನ ಒಯ್ಯಿ ಅಂದ್ರ ಒಯ್ದಾಳ. ಆದ್ರ ಅವ ಒಯ್ಯಿ ಅಂದದ್ದು ಗಾಳ್ಯಾಗ ಹೋತು, ಸಹಿ ಪುಸ್ತಕದಾಗ ಉಳೀತು. ನಾ ಹೊರಗ ಬಂದ್ರ ಆಕಿ ಒಳಗ ಬರ್ತಾಳ. ಅದ ಹೌದಿಲ್ರಿ?"

"ಹಂಗಾಗಲಾರದಂಗ ನಾ ನೋಡ್ಕೋತೇನಿ."

"ನನಗೂ ಹಂಗ ಅಂದಿದ್ರಿ. ತಪ್ಪಿಲ್ಲಂದ್ರ ಹೆದರಬ್ಯಾಡ ಅಂದಿದ್ರಿ." ಬೈಗುಳವಿರಲಿಲ್ಲ ಅದರಲ್ಲಿ. ಇದ್ದದ್ದನ್ನು ಇದ್ದಂತೆ ಹೇಳಿದ. "ಬಾಯಾರ, ನಿಮ್ಮ ಪಾದಾ ಹಿಡೀತೇನಿ. ನೀವು ಬರದದ್ದ ಇರ್ಲಿ ಬಿಡ್ರಿ. ಲಾಭ ಅಂದ್ರ ಲಾಭನ. ನಾ ಬೇಟ್ಯಾಡೂ ಮಂದಿ ಕಡಿಂದ ತಗೊಂಡೀನಿ, ನಾನ ಕಲಸೀನಿ, ನಾನ ಹಾಕೀನಿ. ಜೇಲರ್ ಸಾಹೇಬರ ಮುಂದ ಹೇಳೀನ್ರಿ ಮುಂಜಾನೆನ. ಅವರು ಬರಕೊಂಡಾರ, ಹೆಬ್ಬಟ್ಟ ಒತ್ತೀನಿ."

"ಏನು?"

"ಒತ್ತೀನ್ರಿ. ನಾಳಿ ಜಡ್ಜರ ಕಡೆ ಹೋಗ್ತೈತಂತ."

"ಏ ಹುಚ್ಚಾ!" ಕೂಗಿಬಿಟ್ಟೆ. ಕಾವಲಿನವನು ತಿರುಗಿ ನೋಡಿದ. "ಚೇತನಕುಮಾರ ಚೀಲ ಕೊಟ್ಟ ಅಂತ ಹೇಳಾಕ ನನಗ ಇರೂ ಸಾಕ್ಷಿ ನೀನೊಬ್ಬ. ನೀನ ತಪ್ಪ ಒಪ್ಕೊಂಡ್ರ ಅಂವ ಮೀಸಿ ತಿರುವಿಕೋತ ಅಡ್ಡಾಡ್ತಾನ!"

"ಅಡ್ಡಾಡ್ಲಿ ಬಿಡ್ರಿ. ನನ್ನ ಮಗಳು ಹೊರಗಿರ್ಲಿ."

ಅಷ್ಟು ಹೇಳಿ ತಿರುಗಿ ಒಳಗೆ ನಡೆದುಬಿಟ್ಟ. ಕರೆದೆ. ಮತ್ತೆ ಕರೆದೆ. ಬರಲಿಲ್ಲ.

ಹೊರಗೆ ಬಂದಾಗ ನಾಲ್ಕು ಗಂಟೆಯ ಬಿಸಿಲು ಕಣ್ಣಿಗೆ ಹೊಡೆಯಿತು. ರಂಗವ್ವ ಸೆರಗು ಸರಿಮಾಡಿಕೊಳ್ಳುತ್ತ ಎದ್ದು ಓಡಿ ಬಂದಳು. ಅವಳಿಗೆ ಏನು ಹೇಳಲಿ? ನಿನ್ನ ಗಂಡ ಹೊರಗೆ ಬರಲು ಒಲ್ಲೆ ಎಂದ, ಬಂದರೆ ಮಗಳು ಹೋಗುತ್ತಾಳೆ ಎಂದೇ?

ಒಂದೇ ದಾರಿ ಕಾಣುತ್ತಿತ್ತು. ಬಂಡೆಪ್ಪ ಬಾಯಿ ಬಿಡದಿದ್ದರೆ ಬೇಡ. ಇವತ್ತು ಸಂಜೆಯೊಳಗೆ ಮಹಾದೇವಿಯನ್ನು ಕಾಣಬೇಕು, ಎದುರು ಕೂರಿಸಿಕೊಂಡು ಕೇಳಬೇಕು, ಚೀಲ ಕೊಟ್ಟವರು ಯಾರೆಂದು ಅವಳ ಬಾಯಿಂದ ಬರೆಸಿಕೊಳ್ಳಬೇಕು. ಎರಡು ಸಲ ಹೊರಗೆ ಕೂರಿಸಿ ಕಳಿಸಿದವಳ ಮುಂದೆ ಈ ಸಲ ನಾನೇ ಹೋಗಿ ನಿಲ್ಲಬೇಕು. ಜೀಪಿನ ಕೀಲಿ ತೆಗೆಯುವಾಗ ಫೋನು ಬಂತು. ಅಬ್ದುಲಸಾಬರದು.

"ಮೇಡಮ್, ಮಹಾದೇವಿ ಬಂದಾಳ್ರಿ ಆಫೀಸಿಗೆ."

ಅಬ್ಬಾ ಎಂದು ಉಸಿರು ಬಿಟ್ಟೆ. "ಕೂಡಸ್ರಿ. ಎಲ್ಲೂ ಕಳಸಬ್ಯಾಡ್ರಿ. ಅರ್ಧಾ ತಾಸಿನ್ಯಾಗ ಬಂದೆ."

"ಕುಂತಾಳ್ರಿ. ಕಾಗದ ಕೊಟ್ಟಾಳ. ಹಕ್ಕಿಗೆ ಔಷಧ ಅಂತ ತಿಳದು ಕಾಳಿಗೆ ನಾನ ಕಲಸೀನಿ, ಅಪ್ಪಗ ಏನೂ ಗೊತ್ತಿಲ್ಲ, ಅಪ್ಪನ್ನ ಬಿಡ್ರಿ ಅಂತ ಬರದು ಸಹಿ ಮಾಡ್ಯಾಳ್ರಿ. ನೀವು ಹೇಳಿದ್ರಲ್ರಿ, ಬಂದ ಕಾಗದ ತಗೋರಿ ಅಂತ. ಸಿಕ್ಕಾ ಹೊಡದು ತಗೊಂಡೀನ್ರಿ."

ಜೀಪಿನ ಬಾಗಿಲು ತೆಗೆದೆ.

"ಮಹಾದೇವಿ ಒಬ್ಬಾಕೀನ ಬಂದಾಳೇನ್ರಿ?"

"ಇಲ್ರಿ. ಚೇತನಕುಮಾರವರು ಗಾಡಿ ಮ್ಯಾಲ ಕರಕೊಂಡ ಬಂದಾರ. ಹಿಂಗ ಬರದ್ರ ನಾಳಿ ಅಪ್ಪ ಮನಿಗಿ ಬರ್ತಾನ ಅಂತ ಅವರ ಹೇಳ್ಯಾರಂತ್ರಿ ಆಕೀಗ. ಇಲ್ಲೇ ಬಾಜೂಕ ಕುಂತಾರ. ಸಿಕ್ಕಾ ಹೊಡದದ್ದರ ಒಂದು ಪ್ರತಿ ಇಸಗೊಂಡು ಕಿಸೇದಾಗ ಇಟ್ಕೊಂಡಾರ."

ರಂಗವ್ವ ನನ್ನ ತೋಳು ಹಿಡಿದು ಜಗ್ಗಿದಳು. ಒಂಬತ್ತು ದಿನಗಳಲ್ಲಿ ಮೊದಲ ಸಲ ಇರಬೇಕು, ಅವಳ ಮುಖದಲ್ಲಿ ನಗು ಇತ್ತು.

"ನಮ್ಮ ಮಾದೇವಿ ಸುದ್ದಿ ಏನ್ರಿ? ಫೋನ ಕೊಡ್ರಿ ಆಕಿ ಕೈಯಾಗ. ಅಪ್ಪನ್ನ ನಾಳಿ ಬಿಡ್ತಾರ ಅಂತ ನಾನ ಹೇಳ್ತೇನಿ."